ಬೋರಲು ಹಾಕಿದ ಕುಡಿಕೆ

ನಮ್ಮೂರಿನಲ್ಲಿ ಯಾರೂ ಹಾಲಿಗೆ ಹೆಪ್ಪು ಹಾಕುವುದಿಲ್ಲ, ಉಸಿರು ಹಾಕುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮನೆಯ ಒಬ್ಬೊಬ್ಬರ ಮಣ್ಣಿನ ಕುಡಿಕೆಗೂ ಉಗುರು ಬೆಚ್ಚಗಿನ ಹಾಲು ಸುರಿದಿಟ್ಟರೆ, ಅವರವರು ಬಗ್ಗಿ ಉಸಿರು ಬಿಟ್ಟು ಮುಚ್ಚಳ ಮುಚ್ಚುತ್ತಾರೆ. ಬೆಳಿಗ್ಗೆಗೆ ಮೊಸರಾಗಿರುತ್ತದೆ. ಒಬ್ಬರ ಮೊಸರು ಇನ್ನೊಬ್ಬರದರಂತೆ ಇರುವುದಿಲ್ಲ. ಜ್ವರ ಬರುವವರದು ಹಿಂದಿನ ದಿನವೇ ಒಡೆದಿರುತ್ತದೆ. ಬಸುರಿಯ ಕುಡಿಕೆಯಲ್ಲಿ ಕೆನೆ ಎರಡು ಪದರ ಕಟ್ಟುತ್ತದೆ, ಹಾಗಾಗಿ ಸೊಸೆ ಬಸುರಿಯಾದದ್ದು ಮಗನಿಗಿಂತ ಮೊದಲು ಅತ್ತೆಗೆ ಗೊತ್ತಾಗುತ್ತದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ, ಮೆಲ್ಲಗೆ, ಕುಡಿಕೆ ನೋಡಬಹುದೇ ಎನ್ನುತ್ತಾರೆ. ಪರೀಕ್ಷೆಯ ದಿನ ಹೊಟ್ಟೆನೋವೆಂದು ಮಲಗಿದ ಮಕ್ಕಳ ಮೊಸರನ್ನು ತಾಯಂದಿರು ಒಮ್ಮೆ ಚಮಚದಲ್ಲಿ ಅಲುಗಿಸಿ ನೋಡಿ, ಚೀಲ ಹೆಗಲಿಗೆ ತೂಗುಹಾಕಿ ಕಳಿಸುತ್ತಾರೆ.

ಗಂಡಸು ಸತ್ತರೆ ಅವನ ಕುಡಿಕೆಯನ್ನು ಬಾಗಿಲಲ್ಲಿ ಒಡೆಯುತ್ತಾರೆ. ಅವನ ಹೆಂಡತಿಯದನ್ನು ಒಡೆಯುವುದಿಲ್ಲ, ಗೂಡಿನಲ್ಲಿ ಬೋರಲು ಹಾಕುತ್ತಾರೆ. ಅವಳ ಉಸಿರಿಗೆ ಇನ್ನು ಹಾಲು ಹೆಪ್ಪಾಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅವಳು ಮನೆಯವರ ಕುಡಿಕೆಗಳಲ್ಲಿ ಮಿಕ್ಕದ್ದನ್ನು ಹಾಕಿಸಿಕೊಂಡು ಉಣ್ಣುತ್ತಾಳೆ. ನಮ್ಮವ್ವ ಸಣ್ಣತಾಯಮ್ಮನ ಕುಡಿಕೆ ಬೋರಲಾದಾಗ ನಾನು ಕಾಲೇಜಿನಲ್ಲಿದ್ದೆ. ಆಮೇಲೆ ಅದರ ಬೆನ್ನಿನ ಮೇಲಿನ ಧೂಳು ಒರೆಸುವುದಕ್ಕೆ ಬಿಟ್ಟರೆ ಯಾರೂ ಅದನ್ನು ಮುಟ್ಟಿರಲಿಲ್ಲ.

ನಾನು ಇಲ್ಲಿನ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುವವಳು. ರೈಲು ಬರುತ್ತಿದೆ ಎನ್ನುವುದನ್ನೂ ರದ್ದಾಗಿದೆ ಎನ್ನುವುದನ್ನೂ ಒಂದೇ ದನಿಯಲ್ಲಿ ಹೇಳಿ ಅಭ್ಯಾಸವಾಗಿದೆ. ದನಿಯಷ್ಟೇ ಗಟ್ಟಿ, ಒಳಗೆಲ್ಲ ಪುಕ್ಕಲು. ಮನೆಯಿಂದ ಹೊರಟವಳು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ನನ್ನ ಗಂಡ ಇದಕ್ಕೆ ನಗುವುದನ್ನೂ ಬಿಟ್ಟಿದ್ದಾರೆ. ತಮ್ಮ ಚೆಲುವ ಮಾತ್ರ ಬಿಟ್ಟಿಲ್ಲ. "ಅಕ್ಕ ಯಾವ ಊರಿಗೆ ಹೋದ್ರೂ ರಿಟರ್ನ್ ಟಿಕೆಟ್ ಮೊದ್ಲೇ ತಗೊಂಡಿರ್ತಾಳೆ" ಎನ್ನುತ್ತಾನೆ.

ಚೆಲುವ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಊರಿನವರಿಗೆಲ್ಲ ಮದುವೆ ಮಾಡಿಸಿ ತಾನು ಮಾಡಿಕೊಳ್ಳಲಿಲ್ಲ, ಅವ್ವನ ಜೊತೆ ಹಳೇ ಮನೆಯಲ್ಲೇ ಉಳಿದ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಒಂದು ಬೀಡಿ. ಹೋದ ಮಾವಿನ ಕಾಲದಲ್ಲಿ ನಾನು ಹಣ್ಣು ಕೊಡಲು ಹೋದಾಗ ಅವನ ಕುಡಿಕೆಗೆ ಚಮಚ ಹಾಕಿದೆ. ಎತ್ತಿದರೆ ಮೊಸರಿನ ಜೊತೆ ಒಂದು ಬಿಳೀ ಎಳೆ ಎದ್ದು ಬಂತು. ಚಮಚ ಮುಖದವರೆಗೂ ಬಂದರೂ ಅದು ಹರಿಯಲಿಲ್ಲ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. "ಮೊಸರು ತಾನೆ, ತಿಂದ್ರೆ ಎಲ್ಲಾ ಒಂದೇ" ಎಂದು ಕೆಮ್ಮಿದ. ಅವ್ವ ನೋಡಬಾರದೆಂದು ಅವನು ಅವಳಿಗಿಂತ ಮೊದಲು ಎದ್ದು ತಿಂದು ಮುಗಿಸುತ್ತಿದ್ದನಂತೆ.

ಆಸ್ಪತ್ರೆಯಲ್ಲಿ ಪುಪ್ಪುಸದಿಂದ ಚೂರು ತೆಗೆದು ನೋಡಿದರು. ಸಣ್ಣ ಕೋಶದ ಕ್ಯಾನ್ಸರ್ ಎಂದರು. ರೋಗಿಗಳ ಕುಡಿಕೆ ತರಿಸಿ ನೋಡುವ ಮೊಸರುಕೋಣೆಯ ಡಾಕ್ಟರ್ ಫಿರ್ದೋಸ್ ನನ್ನ ವಯಸ್ಸಿನವರು, ಮಾತು ಕಡಿಮೆ. "ಈ ಕೋಶಗಳು ಚಿಕ್ಕವು, ಅವಸರದವು. ಬೇಗ ಬೆಳೀತವೆ. ಮದ್ದು ಬಿದ್ದರೆ ಬೇಗ ಕರಗ್ತವೆ. ಹಾಗೇ ಬೇಗ ವಾಪಸ್ ಬರ್ತವೆ" ಎಂದರು. ಅವರು ಹೇಳಿದ ಹಾಗೆಯೇ ಆಯಿತು. ಮೊದಲ ಮದ್ದಿಗೆ ಗಡ್ಡೆ ಬೆಣ್ಣೆಯಂತೆ ಕರಗಿತು. ಚೆಲುವ ಬೋಳು ತಲೆಗೆ ಬ್ಯಾಂಡಿನ ಟೋಪಿ ಹಾಕಿಕೊಂಡು ಒಂದು ಮದುವೆಗೂ ಹೋಗಿ ಬಂದ. ಚಳಿ ಶುರುವಾಗುವಷ್ಟರಲ್ಲಿ ಎಳೆಗಳು ತಿರುಗಿ ಬಂದವು. ಈ ಸಲ ಅವುಗಳ ಸುತ್ತ ಹಳದಿ ನೀರು ಕೂಡ ನಿಂತಿತ್ತು.

ಆ ಕುಡಿಕೆಯನ್ನು ಡಾಕ್ಟರ್ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ಸೂಕ್ಷ್ಮದರ್ಶಕದಲ್ಲಿ ಇವೆಲ್ಲಾ ಒಂದೇ ಥರ ಕಾಣ್ತವೆ. ಆದ್ರೆ ಒಳಗೆ ನಾಲ್ಕು ಜಾತಿ. ಇಷ್ಟು ಕಾಲ ನಾಲ್ಕಕ್ಕೂ ಒಂದೇ ಮದ್ದು ಕೊಡ್ತಿದ್ವಿ, ಬೇರೆ ಇರಲಿಲ್ಲ. ಈಗ ಮೊಸರು ನೋಡಿ ಜಾತಿ ಹೇಳೋದು ಕಲಿತಿದೀವಿ. ಎಳೆ ಬರೋ ಜಾತಿಯ ಕೋಶದ ಮೈಮೇಲೆ ಒಂದು ಗುರುತು ಇರುತ್ತೆ. ಆ ಗುರುತನ್ನೇ ಹುಡುಕ್ಕೊಂಡು ಹೋಗೋ ಹೊಸ ಮದ್ದು ಬಂದಿದೆ. ಅದು ಒಂದು ಕೈಲಿ ಕ್ಯಾನ್ಸರ್ ಕೋಶ, ಇನ್ನೊಂದು ಕೈಲಿ ನಿಮ್ಮ ರಕ್ತದ ಕಾವಲು ಕೋಶ ಹಿಡ್ಕೊಂಡು ಎದುರಾಬದುರು ನಿಲ್ಲಿಸುತ್ತೆ."

"ಅಂತರಪಟ ಸರಿಸಿದಂಗೆ ಅನ್ನಿ" ಎಂದ ಚೆಲುವ.

"ಹೂಂ. ಆದ್ರೆ ಇಲ್ಲಿ ಹಾರ ಹಾಕ್ಕೊಳ್ಳಲ್ಲ, ಹೊಡೆದಾಡ್ತಾರೆ."

"ಅದೂ ಮದುವೇನೇ ಬಿಡಿ ಡಾಕ್ಟ್ರೇ. ನಾನು ಎಷ್ಟು ನೋಡಿಲ್ಲ."

ಡಾಕ್ಟರ್ ನಕ್ಕರು. ಆದರೆ ಅವರ ಬೆರಳು ಕುಡಿಕೆಯ ಅಂಚಿನ ಹಳದಿ ನೀರಿನ ಹತ್ತಿರವೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. "ತೊಂದರೆ ಇದು" ಎಂದರು. "ಹಳದಿ ನೀರು ನಾಲ್ಕನೇ ಜಾತಿಯದು. ಅದರ ಮೈಮೇಲೆ ಆ ಗುರುತು ಇರಲ್ಲ. ಈ ಕ್ಯಾನ್ಸರ್ ವಾಪಸ್ ಬರುವಾಗ ಹೀಗೆ ಜಾತಿ ಬದಲಾಯಿಸೋದು, ಬೆರಕೆ ಆಗೋದು ಉಂಟು. ಬೆರಕೆ ಇದ್ರೆ ಹೊಸ ಮದ್ದು ಅರ್ಧಾನ ಹಾಗೇ ಬಿಟ್ಟುಬಿಡುತ್ತೆ. ಜ್ವರ, ಉಪದ್ರ ಮಾತ್ರ ಪೂರ್ತಿ ಅನುಭವಿಸಬೇಕು. ಅಂಥವರಿಗೆ ನಾವು ಕೊಡಲ್ಲ."

ಕೊಡದಿದ್ದರೆ ಮತ್ತೇನು ಎಂದು ನಾನು ಕೇಳಲಿಲ್ಲ. ಅವರು ಮಾತಾಡುವಾಗ ಬಿಟ್ಟ ಸಂದುಗಳಲ್ಲಿ ಅದು ಕೇಳಿಸಿತ್ತು. ಬದಲಿಗೆ, ಮೊದಲ ಸಲ ಬರೀ ಎಳೆ ಇತ್ತು, ಹಳದಿ ನೀರು ಇರಲಿಲ್ಲ, ನಾನೇ ನೋಡಿದ್ದೇನೆ, ಅದು ಬೇರೆ ಎಲ್ಲಿಂದಲಾದರೂ ಬಂದಿರಬಹುದೇ ಎಂದೆ. "ಇನ್ನೊಬ್ಬರ ಉಸಿರು ಬಿದ್ದಿದ್ರೆ ಬರಬಹುದು. ಮನೇಲಿ ಯಾರ್ಯಾರಿದೀರಿ?" ಎಂದು ಕೇಳಿದರು. ಇವನು, ನಮ್ಮವ್ವ, ಇಬ್ಬರೇ ಎಂದೆ. "ಅವರ ಕುಡಿಕೆ ತಂದಿದೀರಾ?" "ಬೋರಲು ಹಾಕಿದೆ." ಡಾಕ್ಟರ್ ಪೆನ್ನಿನ ಮುಚ್ಚಳ ಮುಚ್ಚಿದರು. "ಹಾಗಾದ್ರೆ ಅವರಲ್ಲ" ಎಂದರು. ನಾನೂ ತಲೆಯಾಡಿಸಿದೆ. ಇನ್ನೊಂದೇ ಒಂದು ಸಲ, ಅವನ ಮನೆಯಲ್ಲೇ, ಅವನ ಕುಡಿಕೆಯಲ್ಲೇ ಇಟ್ಟು ತರುವುದೆಂದಾಯಿತು. ಆಸ್ಪತ್ರೆಯಲ್ಲಿ ಇಟ್ಟರೆ ಹಾಲು ಹೆಪ್ಪಾಗುವುದಿಲ್ಲ, ಅದಕ್ಕೆ ಅವರವರ ಮನೆಯೇ ಆಗಬೇಕು. ಮತ್ತೆ ಹಳದಿ ಬಂದರೆ ಹೊಸ ಮದ್ದಿನ ಮಾತು ಮುಗಿಯಿತು.

ನಾನು ರಜೆ ಹಾಕಿ ಅವ್ವನ ಮನೆಗೆ ಬಂದೆ. ಕುಡಿಕೆಯನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದು ಬಿಸಿಲಿಗೆ ಒಣಗಿಸಿದೆ. ಹಾಲನ್ನು ನಾನೇ ಕಾಯಿಸಿ ಎರಡು ಪಾತ್ರೆಗಳಲ್ಲಿ ಎತ್ತಿ ಸುರಿದು ಆರಿಸಿದೆ. ಚೆಲುವ ಬಾಯಿ ಮುಕ್ಕಳಿಸಿ ಬಂದ. "ಏನಕ್ಕ, ಆಪರೇಷನ್ ಥರ ಮಾಡ್ತಿದೀಯ" ಎಂದು ಬಗ್ಗಿ ಉಸಿರು ಬಿಟ್ಟ. ಅಷ್ಟಕ್ಕೇ ಸುಸ್ತಾಗಿ ಗೋಡೆ ಹಿಡಿದುಕೊಂಡು ನಡುಮನೆಯ ಮಂಚಕ್ಕೆ ಹೋದ. ಒಂದು ಕಾಲದಲ್ಲಿ ಊರ ಬಾಗಿಲಿಂದ ಛತ್ರದವರೆಗೂ ಒಂದೇ ಉಸಿರಿನಂತೆ ನುಡಿಸಿಕೊಂಡು ಹೋಗುತ್ತಿದ್ದವನು. ನಾನು ಮುಚ್ಚಳ ಮುಚ್ಚಿ ಕುಡಿಕೆಯನ್ನು ಗೂಡಿನಲ್ಲಿ, ಅವ್ವನ ಬೋರಲು ಕುಡಿಕೆಯ ಪಕ್ಕದಲ್ಲಿ ಇಟ್ಟೆ.

"ಇಲ್ಲೇ ಕುಂತು ಕಾವಲು ಕಾಯ್ತೀಯೇನೇ? ಹೋಗು, ಅವನ ಕೆಮ್ಮಿನ ಔಷಧಿ ಮುಗಿದೈತೆ, ಅಂಗಡಿ ಮುಚ್ಚೋದ್ರೊಳಗೆ ತಗೊಂಬಾ" ಎಂದಳು ಅವ್ವ. ಹೊರಟೆ. ಬೀದಿಯ ಕೊನೆಗೆ ಬಂದಾಗ ಹಾಲು ಕಾಯಿಸಿದ ಒಲೆಯ ನೆನಪಾಯಿತು. ಆರಿಸಿದ್ದೆ ಎಂದು ಮನಸ್ಸು ಹೇಳಿತು, ಕಾಲು ಕೇಳಲಿಲ್ಲ. ತಿರುಗಿ ಬಂದೆ. ಹಿತ್ತಿಲ ಬಾಗಿಲಿಂದ ಅಡುಗೆಮನೆಗೆ ಕಾಲಿಟ್ಟರೆ ಒಲೆ ಆರಿತ್ತು. ಗೂಡಿನ ಮುಂದೆ ಅವ್ವ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ಕುಡಿಕೆಯ ಮುಚ್ಚಳ ತೆಗೆದಿತ್ತು. ಊರ ಕಣ್ಣು, ಕೇರಿ ಕಣ್ಣು, ಹಾದಿಯವರ ಕಣ್ಣು, ಬೀದಿಯವರ ಕಣ್ಣು ಎಂದು ಮುಷ್ಟಿಯನ್ನು ಕುಡಿಕೆಯ ಸುತ್ತ ಸುಳಿಸಿ, ಬಗ್ಗಿ, ಉಫ್ ಎಂದು ಊದಿದಳು. ಮತ್ತೆ ಸುಳಿಸಿದಳು. ಮತ್ತೆ ಊದಿದಳು.

ಕಿರುಚಿಕೊಳ್ಳುತ್ತಿದ್ದೆನೇನೋ. ನಿಲ್ದಾಣದ ದನಿ ಕಾಪಾಡಿತು. "ಅವ್ವ, ಏನು ಮಾಡ್ತಿದೀಯ?" ಎಂದೆ.

ಅವಳು ಬೆಚ್ಚಲೂ ಇಲ್ಲ. "ಕಾಣಾಕಿಲ್ವಾ? ದೃಷ್ಟಿ ತೆಗೀತಾ ಇವ್ನಿ. ಮದುವೆ ಮನೆ ಮದುವೆ ಮನೆ ಸುತ್ತಿ ಯಾರ್ಯಾರ ಕಣ್ಣು ಬಿದ್ದೈತೋ ಮಗೀಗೆ. ಕಾಯಿಲೆ ಮರುಕಳಿಸ್ತು ಅಂದಾಗಿಂದ ದಿನಾ ತೆಗೀತೀನಿ."

"ಹಾಲಿಗೆ ಊದಿದೆಯಲ್ಲವ್ವ."

"ಊದದೇ ದೃಷ್ಟಿ ಹೋದಾತಾ?"

"ಅದಕ್ಕೆ ನಿನ್ನ ಉಸಿರು ಬಿತ್ತಲ್ಲ."

ಅವ್ವ ನನ್ನನ್ನು, ಓದಿಯೂ ದಡ್ಡಿಯಾಗಿ ಉಳಿದವಳನ್ನು ನೋಡುವ ಹಾಗೆ ನೋಡಿದಳು. "ನನ್ನ ಉಸಿರು ಯಾವ ಲೆಕ್ಕಕ್ಕೆ? ನಿಮ್ಮಪ್ಪ ಹೋದ ದಿವಸವೇ ಬೋರಲು ಹಾಕಿದ್ರಲ್ಲ" ಎಂದಳು. ದುಃಖದಿಂದ ಹೇಳಲಿಲ್ಲ. ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದವರಿಗೆ ಹೇಳುವಂತೆ ಹೇಳಿದಳು.

ನಾನು ಗೂಡಿನಲ್ಲಿದ್ದ ಬೋರಲು ಕುಡಿಕೆಯನ್ನು ನೋಡಿದೆ. ಆಮೇಲೆ ಒಂದು ಸ್ಟೀಲ್ ಲೋಟ ತೆಗೆದುಕೊಂಡು ಮಿಕ್ಕಿದ್ದ ಹಾಲನ್ನು ಅದಕ್ಕೆ ಸುರಿದು ಅವಳ ಮುಂದೆ ಹಿಡಿದೆ. "ಇದಕ್ಕೆ ಊದು" ಎಂದೆ. ಅವ್ವ ಎರಡು ಹೆಜ್ಜೆ ಹಿಂದೆ ಹೋದಳು. "ಥೂ, ಬಿಡ್ತು ಅನ್ನು! ಗಂಡ ಸತ್ತೋಳು ಹಾಲಿಟ್ರೆ ಗಂಡುಮಕ್ಕಳಿಗೆ ಕೇಡು. ನಿಂಗೆ ಗೊತ್ತಿಲ್ವಾ?" ನಾನು ಎಷ್ಟು ಹೇಳಿದರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಿಂತಳು. ಗಲಾಟೆ ಕೇಳಿ ಚೆಲುವ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ನಾನು ಅವನಿಗೆ ನಡೆದದ್ದನ್ನು ಹೇಳಿದೆ. ಅವನು ಅವ್ವನನ್ನೂ ಲೋಟವನ್ನೂ ನೋಡಿದ. ಅವನ ಮುಖಕ್ಕೆ ಸಿಟ್ಟು ಬಂತು, ಅದನ್ನು ಅವನು ಹಿಂದಕ್ಕೆ ಕಳಿಸಿದ.

"ಅವ್ವ, ಗಂಡುಮಗ ಅಂತ ಈ ಮನೇಲಿ ಇರೋನು ನಾನೊಬ್ಬ. ಆಗೋ ಕೇಡೆಲ್ಲ ಆಗಿ ಕುಂತೈತೆ. ಇನ್ನೇನು ಉಳಿದಿದೆ ಅಂತ ಹೆದರ್ತೀಯ? ಊದವ್ವ."

ಅವ್ವ ಊದಿದಳು. ದೀಪ ಆರಿಸುವವಳಂತೆ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಊದಿದಳು. ಚೆಲುವನ ಕುಡಿಕೆಯನ್ನು ಖಾಲಿ ಮಾಡಿ ಮತ್ತೆ ಕುದಿಸಿ, ಹೊಸ ಹಾಲು ತಂದು, ಅವನಿಂದ ಮತ್ತೆ ಉಸಿರು ಬಿಡಿಸಿದೆ. ಅವ್ವ ಅಷ್ಟು ಹೊತ್ತೂ ಜಗಲಿಯಲ್ಲಿ ಕೂತಿದ್ದಳು, ನಾನು ಹೇಳದಿದ್ದರೂ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು.

ಬೆಳಿಗ್ಗೆ ಲೋಟವನ್ನು ಓರೆ ಮಾಡಿದೆ. ಹಾಲು ಚೆಲ್ಲಲಿಲ್ಲ. ಲೋಟದ ಆಕಾರಕ್ಕೇ ಗಟ್ಟಿಯಾಗಿ ಕೂತಿತ್ತು. ಅದರ ಸುತ್ತ, ಅರಿಶಿನದ ಕೈ ತೊಳೆದ ನೀರಿನಂತೆ, ಹಳದಿ ಬಳೆ. ಚೆಲುವನ ಕುಡಿಕೆ ತೆಗೆದೆ. ಬಿಳೀ ಮೊಸರು, ಬಿಳೀ ಎಳೆ. ಒಂದು ತೊಟ್ಟೂ ಹಳದಿ ಇರಲಿಲ್ಲ. ಕ್ಯಾನ್ಸರಿನ ಎಳೆಯನ್ನು ಕಂಡು ಜೀವ ತಂಪಾದದ್ದು ಬಹುಶಃ ನಮ್ಮೂರಿನಲ್ಲಿ ನನಗೊಬ್ಬಳಿಗೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವ್ವ ಲೋಟದೊಳಗೆ ಬೆರಳಿಟ್ಟು ನೋಡಿದಳು. "ಇದು ನಂದಾ?" ಎಂದಳು. ಹೌದೆಂದೆ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ, ಹಾಗೇ ಎತ್ತಿ ಹಿಡಿದುಕೊಂಡಿದ್ದಳು. ಆಮೇಲೆ ಅವಳ ಮುಖ ಬದಲಾಯಿತು. "ಹಂಗಾದ್ರೆ ಮಗೀಗೆ ಮದ್ದು ಸಿಗದಂಗೆ ಮಾಡಿದ್ದು ನಾನೇಯಾ?"

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಉತ್ತರವನ್ನು ಹಾಸಿಗೆಯಲ್ಲೇ ಹೆಣೆದು ಇಟ್ಟುಕೊಂಡಿದ್ದೆ, ಒಂದೊಂದು ಪದವನ್ನೂ ತೂಗಿ. ಬಾಯಿಗೆ ಬಂದದ್ದು ಬೇರೆ. "ಇಲ್ಲವ್ವ. ನಿನ್ನ ಉಸಿರು ಇನ್ನೂ ಇದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ" ಎಂದೆ. ಮಂಚದ ಮೇಲಿಂದ ಚೆಲುವ, "ಇಷ್ಟು ವರ್ಷ ಬೈತಾ ಇದ್ದಾಗ ನನಗೆ ಗೊತ್ತಿತ್ತು ಕಣಕ್ಕ" ಎಂದ. ಅವ್ವ ಅಳುವುದಕ್ಕೂ ಅವನನ್ನು ಬೈಯುವುದಕ್ಕೂ ಒಟ್ಟಿಗೆ ಶುರು ಮಾಡಿದಳು.

ಕುಡಿಕೆ, ಲೋಟ ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು, ಅವ್ವನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರ್ ಫಿರ್ದೋಸ್ ಎರಡನ್ನೂ ಅಕ್ಕಪಕ್ಕ ಇಟ್ಟರು, ಚಮಚ ಹಾಕಿ ಎತ್ತಿದರು, ಹಳದಿ ನೀರನ್ನು ಗಾಜಿನ ಮೇಲೆ ತೊಟ್ಟಿಕ್ಕಿಸಿ ನೋಡಿದರು. "ಈ ಲೋಟ ಯಾರದು ಅಂದ್ರಿ?" ಎಂದು ಮತ್ತೆ ಕೇಳಿದರು. ಅವ್ವ ತಪ್ಪು ಮಾಡಿದ ಮಗುವಿನಂತೆ ಕೈ ಎತ್ತಿದಳು. ಡಾಕ್ಟರ್ ಚಮಚ ಕೆಳಗಿಟ್ಟರು. "ಅವರಲ್ಲ ಅಂತ ನಾನೇ ಹೇಳಿದ್ದೆ" ಎಂದರು. "ನಮ್ಮ ಅಮ್ಮೀದೂ ಬೋರಲು ಹಾಕಿದೀವಿ."

ಈಗ ನನ್ನ ಹೆದರಿಕೆ ಚೆಲುವನನ್ನು ಬಿಟ್ಟು ಅವ್ವನ ಕಡೆಗೆ ತಿರುಗಿತ್ತು. ಹಳದಿ ನೀರು ನಾಲ್ಕನೇ ಜಾತಿಯದಾದರೆ ನಮ್ಮವ್ವನ ಎದೆಯಲ್ಲಿ ಏನಿದೆ? ಕೇಳುವ ಮುಂಚೆಯೇ ಡಾಕ್ಟರ್ ಅವಳನ್ನು ಸ್ಕ್ಯಾನಿಗೆ ಕಳಿಸಿದರು, ರಕ್ತ ತೆಗೆಸಿದರು. ಅವ್ವನ ಎದೆ ತಿಳಿಯಾಗಿತ್ತು. ಥೈರಾಯ್ಡ್ ಸ್ವಲ್ಪ ನಿಧಾನ, ದಿನಕ್ಕೊಂದು ಚಿಕ್ಕ ಮಾತ್ರೆ ಸಾಕು ಎಂದರು. "ಗಂಡ ಇಲ್ಲದ ವಯಸ್ಸಾದ ಹೆಂಗಸರ ಮೊಸರು ಹೇಗಿರುತ್ತೆ ಅಂತ ನಮಗೆ ಗೊತ್ತೇ ಇಲ್ಲ. ಒಂದು ಕುಡಿಕೆನೂ ಈ ಕೋಣೆಗೆ ಬಂದಿಲ್ಲ. ಹಳದಿ ಕಂಡ ಕೂಡಲೇ ಕಾಯಿಲೆ ಅಂತ ಓದೋದೊಂದೇ ಕಲಿತಿದ್ವಿ" ಎಂದು ತಮಗೆ ತಾವೇ ಹೇಳಿಕೊಂಡರು. ಚೆಲುವನ ಕಡೆಗೆ ತಿರುಗಿ, "ನಿಮ್ಮದು ಒಂದೇ ಜಾತಿ. ಗುರುತು ಇದೆ. ಮದ್ದು ಶುರು ಮಾಡೋಣ" ಎಂದರು.

ಮೊದಲು ಚಿಕ್ಕ ಪ್ರಮಾಣದಲ್ಲಿ ಹಾಕಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಜ್ವರ ಬರುತ್ತದೆಂದು ಮೊದಲೇ ಹೇಳಿದ್ದರು, ಬಂತು. ಮೈ ಕೆಂಡವಾಯಿತು, ಹಲ್ಲು ಕಟಕಟ ಎಂದವು. ನರ್ಸ್ ಬಂದು ಹೋದಾಗಲೆಲ್ಲ ನಾನು ಅವರ ಮುಖ ಓದುತ್ತಿದ್ದೆ. ಕಾವಲಿನವರು ಗುರುತು ಹಿಡಿದಿದ್ದಾರೆ, ಅದಕ್ಕೇ ಈ ಗದ್ದಲ ಎಂದು ಡಾಕ್ಟರ್ ವಿವರಿಸಿದರು. ಚೆಲುವ ಕಣ್ಣು ಮುಚ್ಚಿಕೊಂಡೇ, "ದಿಬ್ಬಣ ಬಂತು ಅನ್ನಿ" ಎಂದ. ಜ್ವರ ಇಳಿಯಿತು. ಮುಂದಿನ ಸಲ ಅಷ್ಟು ಬರಲಿಲ್ಲ. ಆದರೆ ನಾಲಿಗೆ ಸತ್ತುಹೋಯಿತು. ಈ ಮದ್ದಿಗೆ ಹಾಗಾಗುವುದುಂಟಂತೆ. ಉಪ್ಪು, ಖಾರ, ಸಿಹಿ ಯಾವುದೂ ತಿಳಿಯದೆ ಅವನು ಬಾಯಿಗಿಟ್ಟದ್ದನ್ನೆಲ್ಲ ಸುಣ್ಣ ತಿಂದಂತೆ ತಿನ್ನುತ್ತಿದ್ದ. ಅವ್ವ ಸಾರಿಗೆ ಹುಣಸೆಹಣ್ಣು ಹೆಚ್ಚು ಮಾಡಿದಳು, ಚಟ್ನಿಗೆ ಮೆಣಸಿನಕಾಯಿ ಹೆಚ್ಚು ಮಾಡಿದಳು. ಅದನ್ನು ತಿಂದು ನನ್ನ ಕಣ್ಣಲ್ಲಿ ನೀರು ಬಂತೇ ಹೊರತು ಅವನಿಗೆ ಏನೂ ಆಗಲಿಲ್ಲ. ಕ್ಯಾನ್ಸರ್ ಎಂದಾಗ ಅಷ್ಟು ಕುಗ್ಗದವನು ಊಟದ ಮುಂದೆ ಕೂತು ಕುಗ್ಗುತ್ತಿದ್ದ.

ಎಳೆಗಳು ಸಣ್ಣಗಾಗುತ್ತ ಬಂದವು. ಮೊದಲು ಚಮಚ ಎದೆಯ ಮಟ್ಟಕ್ಕೆ ಬಂದಾಗ ಹರಿದವು, ಆಮೇಲೆ ಕುಡಿಕೆಯ ಬಾಯಿ ದಾಟುವಷ್ಟರಲ್ಲಿ. ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು. "ಹೋಯ್ತು ಅಂತ ಹೇಳಲ್ಲ. ಹೋಗ್ತಾ ಇದೆ. ನಾವು ನೋಡ್ತಾ ಇರೋಣ" ಎಂದರು ಡಾಕ್ಟರ್. ಹೆಚ್ಚಿಗೆ ಹೇಳದ ಅವರ ಮಾತು ನನಗೆ ಹಿಡಿಸಿತು. ನೋಡುತ್ತ ಇರುವುದು ನನಗೆ ಹೊಸ ಕೆಲಸವೇನಲ್ಲ.

ಅವ್ವನ ಕುಡಿಕೆಯನ್ನು ಮೇಲ್ಮುಖ ಮಾಡಿ ಇಟ್ಟವನು ಚೆಲುವ. ಅವಳು ಕೂಗಾಡಿ ಮತ್ತೆ ಬೋರಲು ಹಾಕಿದಳು. ಅವನು ಮತ್ತೆ ಎತ್ತಿಟ್ಟ. ಕೊನೆಗೆ ಒಂದು ಸಂಜೆ ಅವಳೇ ಬಾಗಿಲ ಕಡೆ ಒಮ್ಮೆ ನೋಡಿ, ಬಗ್ಗಿ ಉಸಿರು ಬಿಟ್ಟದ್ದನ್ನು ನಾನು ಕಂಡೆ, ಕಾಣದಂತೆ ಇದ್ದೆ. ಮಾರನೆಯ ದಿನ ಎದುರು ಮನೆಯ ದೇವಮ್ಮಣ್ಣಿ ಕೊತ್ತಂಬರಿ ಸೊಪ್ಪು ಕೇಳುವ ನೆಪದಲ್ಲಿ ಬಂದರು. ಅವರ ಕುಡಿಕೆಯೂ ಬೋರಲಾದದ್ದೇ. ಅಡುಗೆಮನೆಯ ಗೂಡನ್ನು ದಿಟ್ಟಿಸಿ, "ಏನೇ ಸಣ್ಣತಾಯಿ, ಊರಿಗೆಲ್ಲ ಒಂದು ದಾರಿ ಆದ್ರೆ ನಿಂಗೇ ಒಂದು ದಾರಿಯಾ?" ಎಂದು ಜೋರಾಗಿ ಕೇಳಿದರು. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, "ಹೆಪ್ಪಾಯ್ತಾ?" ಎಂದರು. ಅವ್ವ ಹೂಂ ಎಂದಳು. ದೇವಮ್ಮಣ್ಣಿ ಸೊಪ್ಪನ್ನು ಮರೆತು ಹೋದರು.

ಈ ಬೆಳಿಗ್ಗೆ ನನಗೆ ಮೊದಲ ಪಾಳಿ. ಅವ್ವನ ಮನೆಯಲ್ಲೇ ಉಳಿದಿದ್ದೆ, ಬೇಗ ಎದ್ದು ಸೀರೆ ಉಟ್ಟು ಅಡುಗೆಮನೆಗೆ ಬಂದರೆ ಚೆಲುವ ಆಗಲೇ ಅನ್ನದ ತಟ್ಟೆಯ ಮುಂದೆ ಕೂತಿದ್ದ. ಅರೆನಿದ್ದೆಯಲ್ಲಿ ಕೈಗೆ ಸಿಕ್ಕ ಕುಡಿಕೆಯನ್ನು ಬಗ್ಗಿಸಿಕೊಂಡಿದ್ದ. ಅನ್ನದ ಸುತ್ತ ಹಳದಿ ನೀರು ಹರಿದದ್ದನ್ನು ನೋಡಿ ಅದು ಯಾರ ಕುಡಿಕೆ ಎಂದು ನನಗೆ ಗೊತ್ತಾಯಿತು. ಅವನು ಒಂದು ತುತ್ತು ಬಾಯಿಗಿಟ್ಟು ಹಾಗೇ ಕೂತ. ಅಗಿಯುವುದು ನಿಂತಿತು.

"ಏನಾಯ್ತೋ?" ಎಂದೆ.

"ಹುಳಿ" ಎಂದ.

ಅವ್ವ ಒಲೆಯ ಮುಂದಿನಿಂದ ತಿರುಗಿದಳು. "ಏನಂದೆ? ನನ್ನ ಮೊಸರು ಹುಳಿಯಾ? ನಿಮ್ಮಪ್ಪ ಒಂದು ದಿವಸ ಹಂಗಂದೋನಲ್ಲ!"

"ಹುಳಿ ಅವ್ವ. ಕೆಟ್ಟ ಹುಳಿ."

ಅವ್ವ ಬೈಯುವುದನ್ನು ಬಿಟ್ಟಳು. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಬಂದು ಅವನೆದುರು ಕುಕ್ಕರಗಾಲಲ್ಲಿ ಕೂತಳು. ಕುಡಿಕೆಯಲ್ಲಿ ಉಳಿದಿದ್ದ ಮೊಸರನ್ನೆಲ್ಲ ಅವನ ತಟ್ಟೆಗೆ ಬಗ್ಗಿಸಿ, ಅಂಚನ್ನು ಬೆರಳಿನಿಂದ ಬಳಿದು ಹಾಕಿದಳು.

"ಇನ್ನೊಂದು ಸಲ ತಿಂದು ಸರಿಯಾಗಿ ನೋಡಿ ಹೇಳು" ಎಂದಳು.

ಅವನು ತಿಂದ. ಒಂದು ಕಣ್ಣು ಮುಚ್ಚಿ, ಭುಜ ಎತ್ತಿ, ಚಿಕ್ಕವನಿದ್ದಾಗ ಹುಣಸೆಕಾಯಿ ಕಚ್ಚಿ ಮಾಡುತ್ತಿದ್ದನಲ್ಲ, ಹಾಗೆ ಇಡೀ ಮುಖವನ್ನು ಕಿವುಚಿದ.